ಫಲಕ ಬದಲಾಯಿತು, ಕಟ್ಟಡ ಉಳಿಯಿತು

ಲಿಂಗರಾಜಪುರದ ಮುಖ್ಯರಸ್ತೆಯಲ್ಲಿ ಬೆಳೆದವರಿಗೆ ಮಳಿಗೆಗಳು ಕೈಬದಲಾಗುವುದು ಹೊಸತಲ್ಲ. ಎಸ್‌ಟಿಡಿ ಬೂತ್ ಹೋಗಿ ಸೈಬರ್ ಸೆಂಟರ್ ಬಂತು, ಅದು ಜೆರಾಕ್ಸ್ ಅಂಗಡಿಯಾಯಿತು, ಈಗ ಮೊಬೈಲ್ ರಿಪೇರಿ. ಅಡ್ವಾನ್ಸ್ ಲೆಕ್ಕ ಚುಕ್ತಾ ಆಗುತ್ತದೆ, ಶಟರಿಗೆ ಹೊಸ ಬಣ್ಣ ಬೀಳುತ್ತದೆ, ಮೇಲೊಂದು ಹೊಸ ಬೋರ್ಡು ಏರುತ್ತದೆ. ಇದೇ ಕಥೆಯನ್ನು ದೊಡ್ಡ ಅಳತೆಯಲ್ಲಿ ನೋಡಬೇಕಿದ್ದರೆ ಶಿವಾಜಿನಗರ ದಾಟಿ ಬ್ರಿಗೇಡ್ ರಸ್ತೆಯ ತುದಿಯವರೆಗೆ ಹೋಗಬೇಕು. ಅದು ರೆಸಿಡೆನ್ಸಿ ರಸ್ತೆಗೆ ಸೇರುವ ಮೂಲೆಯಲ್ಲಿ ಒಪೆರಾ ಹೌಸ್ ನಿಂತಿದೆ.

1809ರಲ್ಲಿ ಬ್ರಿಟಿಷರ ಸೇನೆ ಇಲ್ಲಿ ದಂಡು ಹೂಡಿತು. ದಂಡಿನ ಹಿಂದೆಯೇ ದರ್ಜಿ, ಬೇಕರಿ, ಮದ್ಯದಂಗಡಿ, ಪುಸ್ತಕದಂಗಡಿ ಬಂದವು. ಅಧಿಕಾರಿಗಳ ಸಂಜೆಗೆ ಮನರಂಜನೆಯೂ ಬೇಕಲ್ಲ! ಒಪೆರಾ ಹೌಸ್ ಹುಟ್ಟಿದ್ದು ಆ ಬೇಡಿಕೆಯಿಂದ. ಮೊದಲು ಪಾಶ್ಚಾತ್ಯ ನಾಟಕ, ಸಂಗೀತ, ಮುಂದೆ ಸಿನಿಮಾ. ಎದುರಿಗೇ ಇರುವ ಮದ್ರಾಸ್ ಪಯೋನಿಯರ್ಸ್ ದಳದ ಯುದ್ಧಸ್ಮಾರಕವನ್ನು ಕಂಡರೆ, ಈ ಚೌಕ ಯಾರ ಓಡಾಟಕ್ಕೆಂದು ರೂಪುಗೊಂಡಿತು ಎಂಬುದು ಸ್ಪಷ್ಟವಾಗುತ್ತದೆ.

ಕಾಲ ಉರುಳಿದಂತೆ ಪ್ರೇಕ್ಷಕರು ಹೋದರು, ಬಾಗಿಲು ಬಿತ್ತು. ಬಹಳ ವರ್ಷ ಅದು ಪಾಳುಬಿದ್ದೇ ಇತ್ತು. ನಗರದ ಇಷ್ಟು ದುಬಾರಿ ಮೂಲೆಯಲ್ಲಿ ಹಳೆಯ ಕಟ್ಟಡವೊಂದು ಖಾಲಿ ಇದೆಯೆಂದರೆ ಮುಂದೇನಾಗುತ್ತದೆಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ರೆಸಿಡೆನ್ಸಿ ರಸ್ತೆಯಲ್ಲೇ ಇದ್ದ ವಿಕ್ಟೋರಿಯಾ ಹೋಟೆಲನ್ನು ಕೆಡವಿ ಮಾಲ್ ಕಟ್ಟಿದರು. ಎಂ.ಜಿ. ರಸ್ತೆಯಲ್ಲಿ 1936ರಿಂದ ಇಂಗ್ಲಿಷ್ ಚಿತ್ರಗಳನ್ನು ತೋರಿಸುತ್ತಿದ್ದ ಪ್ಲಾಝಾ ಚಿತ್ರಮಂದಿರದ ಜಾಗ ಮೆಟ್ರೊ ನಿಲ್ದಾಣಕ್ಕೆ ಹೋಯಿತು. ಅದೇ ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ತನ್ನ ಹಳೆಯ ಮಳಿಗೆ ಬಿಟ್ಟು ಚರ್ಚ್ ಸ್ಟ್ರೀಟ್ ಸೇರಿತು. ಅಲ್ಲಿ ವ್ಯಾಪಾರ ಉಳಿಯಿತು, ಜಾಗ ತಪ್ಪಿತು. ಒಪೆರಾ ಹೌಸ್‌ನಲ್ಲಿ ಆಗಿದ್ದು ಇದರ ತಿರುವುಮುರುವು.

2018ರ ಸೆಪ್ಟೆಂಬರ್ 11ರಂದು ಕಟ್ಟಡದ ಬಾಗಿಲು ಮತ್ತೆ ತೆರೆಯಿತು. ಈ ಬಾರಿ ಒಳಬಂದದ್ದು ಸ್ಯಾಮ್‌ಸಂಗ್. ಸುಮಾರು 33,000 ಚದರಡಿಯ ಈ ಮಳಿಗೆಯನ್ನು ಕಂಪನಿ ತನ್ನ ಅತಿದೊಡ್ಡ ಮೊಬೈಲ್ ಅನುಭವ ಕೇಂದ್ರವೆಂದೇ ಘೋಷಿಸಿತು. ಹೊರಗಿನ ಹಳೆಯ ಮುಖ ಹಾಗೇ ಉಳಿದಿದೆ. ಒಳಗೆ ಫೋನು, ಟೀವಿ, ಫ್ರಿಜ್ಜುಗಳ ಸಾಲು. ಕಣ್ಣಿಗೆ ಕನ್ನಡಕದಂಥ ಸಾಧನ ಕಟ್ಟಿಕೊಂಡು ಕುಳಿತಲ್ಲೇ ಹೊಳೆಯಲ್ಲಿ ಹುಟ್ಟು ಹಾಕುವ ಆಟ. ರಿಪೇರಿಗೆಂದು ಸರ್ವೀಸ್ ಸೆಂಟರ್. ರಂಗಮಂದಿರವೆಂದರೆ ದೃಷ್ಟಿಗೆ ಅಡ್ಡಿಯಿಲ್ಲದ ವಿಶಾಲ ಹಜಾರ, ಎತ್ತರದ ಮಾಡು. ಪ್ರದರ್ಶನ ಮಳಿಗೆಗೂ ಬೇಕಿರುವುದು ಅದೇ. ಹಾಗಾಗಿ ನಾಟಕಕ್ಕೆಂದು ಕಟ್ಟಿದ್ದು ಅಂಗಡಿಗೂ ಒಗ್ಗಿತು.

ರಂಗಮಂದಿರದಲ್ಲಿ ಮೊಬೈಲ್ ಮಾರುವುದೇ ಎಂದು ಬೇಸರಪಡುವವರಿದ್ದಾರೆ. ಅವರ ನೋವು ನನಗೂ ಅರ್ಥವಾಗುತ್ತದೆ. ಅಲ್ಲಿ ಮತ್ತೆ ನಾಟಕವೇ ನಡೆಯುವಂತಿದ್ದರೆ ನಾನೇ ಮೊದಲ ಸಾಲಿನ ಟಿಕೆಟ್ ಕೊಳ್ಳುತ್ತಿದ್ದೆ. ಆದರೆ ಹಳೆಯ ಕಟ್ಟಡಕ್ಕೆ ಸುಣ್ಣ ಬಳಿಯಲು, ಸೋರುವ ಮಾಡು ಸರಿಪಡಿಸಲು, ತೆರಿಗೆ ತೆರಲು ಯಾರಾದರೂ ದುಡ್ಡು ಹಾಕಲೇಬೇಕು. ಬಾಡಿಗೆ ಹುಟ್ಟದ ಕಟ್ಟಡವನ್ನು ನಮ್ಮ ಊರು ಹೆಚ್ಚು ಕಾಲ ನಿಲ್ಲಗೊಡುವುದಿಲ್ಲ. ಮಳೆಗಾಲಕ್ಕೊಂದು ಗೋಡೆ ಉದುರುತ್ತದೆ, ಆಮೇಲೆ ಜೆಸಿಬಿ ಬರುತ್ತದೆ. ವ್ಯಾಪಾರ ಬಂದದ್ದರಿಂದಲೇ ಈ ಮೂಲೆ ಬದುಕಿತು ಎಂಬುದನ್ನು ಒಪ್ಪಿಕೊಳ್ಳಬೇಕು. ನಾಳೆ ಸ್ಯಾಮ್‌ಸಂಗ್ ಹೋಗಿ ಮತ್ತೊಬ್ಬರು ಬಂದರೂ ಸರಿಯೇ, ಗೋಡೆ ಕೆಡವದಿದ್ದರೆ ಸಾಕು.

ಒಂದು ಆಸೆ ಮಾತ್ರ ಇದೆ. ಕಾಕ್ಸ್ ಟೌನ್, ಫ್ರೇಜರ್ ಟೌನ್, ಲಿಂಗರಾಜಪುರದ ಹಳೆಯ ಮನೆಗಳಲ್ಲಿ ದಂಡಿನ ಕಾಲದ ಫೋಟೊಗಳು, ನಾಟಕದ ಕರಪತ್ರಗಳು, ಹರಿದ ಟಿಕೆಟ್ಟುಗಳು ಪೆಟ್ಟಿಗೆಯ ತಳದಲ್ಲಿ ಬಿದ್ದಿರಬಹುದು. ದೀಪಾವಳಿಗೋ ಕ್ರಿಸ್‌ಮಸ್‌ಗೋ ಮನೆ ಗುಡಿಸುವಾಗ ಅವನ್ನು ರದ್ದಿಗೆ ಹಾಕಬೇಡಿ. ಮನೆಯ ಹಿರಿಯರು ಒಪೆರಾದಲ್ಲಿ ಯಾವ ಸಿನಿಮಾ ನೋಡಿದ್ದರು, ಟಿಕೆಟಿಗೆ ಎಷ್ಟು ಕೊಟ್ಟಿದ್ದರು ಎಂದು ಕೇಳಿ, ಫೋಟೊ ಹಿಂದೆಯೇ ಪೆನ್ಸಿಲಿನಲ್ಲಿ ಬರೆದಿಡಿ.