ಮುಗಿಯದ ಅಲೆಯನ್ನು ಬರೆಯುವ ಬಗೆ



ಕಳೆದ ಮಳೆಗಾಲದ ಒಂದು ಆದಿತ್ಯವಾರ, ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ತರುಣ ಮಿತ್ರರೊಬ್ಬರು ಹೊಟೇಲಿನ ಪಾಳಿ ಮುಗಿಸಿ ಬಂದು, ಪತ್ರಿಕೆಯನ್ನು ಮುಟ್ಟದೆ ಸುಮ್ಮನೆ ಕುಳಿತಿದ್ದರು. ವಿಚಾರಿಸಿದಾಗ ಸಂಗತಿ ತಿಳಿಯಿತು. ಚಲಿಸುವ ಚಿತ್ರಗಳನ್ನು ಬರೆಯಲು ಕಲಿಸುವೆವೆಂದ ಒಂದು ತರಗತಿಗೆ ಅವರು ಎರಡು ತಿಂಗಳ ಪಗಾರವನ್ನು ಕಟ್ಟಿದ್ದರು. ಕಲಿಸಿದ್ದು ಅಲ್ಪ, ಮುಂದಿನ ಪಾಠಕ್ಕೆ ಮತ್ತೆ ಹಣ ಬೇಕೆಂದರಂತೆ. ವಿಜಯಪುರದ ಕಡೆಯ ಹಳ್ಳಿಯಲ್ಲಿರುವ ಆರು ವರ್ಷದ ಮಗಳಿಗೆ, ತಾನೇ ಬರೆದ ಸಮುದ್ರವನ್ನು ಕಳಿಸುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಹಣವೂ ಹೋಯಿತು, ಮಾತೂ ಉಳಿಯಲಿಲ್ಲವೆಂಬುದೇ ಅವರ ದುಃಖ.

ನಾವು ಚಿತ್ರಗಾರರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಲೆಕ್ಕದ ಮೇಜಿಗೆ ಬಂದವರು. ಆದರೂ ವಾಚನಾಲಯದ ಹಳೆಯ ಕಂಪ್ಯೂಟರಿನ ಮುಂದೆ ನಾಲ್ಕು ಆದಿತ್ಯವಾರ ಅವರೊಡನೆ ಕುಳಿತು ಕಲಿತದ್ದನ್ನು ಇಲ್ಲಿ ಅರಿಕೆ ಮಾಡುತ್ತೇವೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಈ ವಿದ್ಯೆಗೂ ನಮ್ಮ ಮುಂಬಯಿಗೂ ಹಳೆಯ ನಂಟು. 1896ರ ಜುಲೈ 7ರಂದು ಕಾಳಾಘೋಡಾದ ವಾಟ್ಸನ್ ಹೊಟೇಲಿನಲ್ಲಿ ಈ ದೇಶದ ಮೊದಲ ಸಿನೆಮಾ ಪ್ರದರ್ಶನ ನಡೆಯಿತು. ಫ್ರಾನ್ಸಿನ ಲ್ಯೂಮಿಯೇರ್ ಸಹೋದರರ ಆ ಆರು ಕಿರುಚಿತ್ರಗಳಲ್ಲಿ ಒಂದು ಸಮುದ್ರಸ್ನಾನದ್ದು. ಇನ್ನೊಂದು ಕಾರ್ಖಾನೆಯಿಂದ ಹೊರಬೀಳುವ ಕೆಲಸಗಾರರದ್ದು. ಎಂದರೆ ಕಡಲಲೆಯೂ ದುಡಿಯುವ ಜನರೂ ಪರದೆಯ ಮೇಲೆ ಒಂದೇ ದಿನ ಈ ನಗರಕ್ಕೆ ಬಂದರು. ಮುಂದೆ 1956ರಲ್ಲಿ ಫಿಲ್ಮ್ಸ್ ಡಿವಿಜನ್ನಿನಲ್ಲಿ ವ್ಯಂಗ್ಯಚಿತ್ರ ಘಟಕವು ಆರಂಭವಾಯಿತು. ಅಮೆರಿಕದ ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಎಂಬವರು ಬಂದು ಇಲ್ಲಿಯವರಿಗೆ ಪಾಠ ಹೇಳಿದರು. ಅವರಲ್ಲಿ ಕಲಿತ ರಾಮಮೋಹನ್ ಅವರು ಈ ಕಲೆಯಲ್ಲಿ ಹೆಸರಾಗಿ 2014ರಲ್ಲಿ ಪದ್ಮಶ್ರೀ ಪಡೆದರು. ಪೆಡ್ಡರ್ ರಸ್ತೆಯ ಗುಲ್ಶನ್ ಮಹಲ್ ಆವರಣದಲ್ಲಿ 2019ರಲ್ಲಿ ಸಿನೆಮಾ ವಸ್ತುಸಂಗ್ರಹಾಲಯವೂ ಆಗಿದೆ. ಆ ಕಾಲದಲ್ಲಿ ಪಾರದರ್ಶಕ ಹಾಳೆಗಳ ಮೇಲೆ ಒಂದೊಂದೇ ಚಿತ್ರವನ್ನು ಕೈಯಿಂದ ಬರೆಯಬೇಕಿತ್ತು. ಇಂದು ಅದೇ ಕೆಲಸವನ್ನು ಕಂಪ್ಯೂಟರಿನ ಹಾಳೆಯ ಮೇಲೆ ಮಾಡುತ್ತೇವೆ. ತತ್ತ್ವ ಮಾತ್ರ ಬದಲಾಗಿಲ್ಲ.

ಮೊದಲ ಪಾಠ ಕಂಪ್ಯೂಟರಿನದಲ್ಲ, ಚೌಪಾಟಿಯದು. ದಡದಲ್ಲಿ ನಿಂತು ನೀರಿನ ಮೇಲೆ ತೇಲುವ ತೆಂಗಿನ ಸಿಪ್ಪೆಯನ್ನು ನೋಡಿರಿ. ಅಲೆಯು ಅದರ ಕೆಳಗೆ ಹಾದು ದಡಕ್ಕೆ ಬರುತ್ತದೆ. ಸಿಪ್ಪೆಯಾದರೋ ಮೇಲೇರಿ, ತುಸು ಮುಂದೆ ಬಂದು, ಕೆಳಗಿಳಿದು, ಹಿಂದಕ್ಕೆ ಸರಿದು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ನೀರು ಇದ್ದಲ್ಲೇ ಸುತ್ತು ಹಾಕುತ್ತದೆ. ಮುಂದೆ ಸಾಗುವುದು ಅಲೆಯ ಆಕಾರ. ದಡದ ಬಳಿ ತಳವು ಅಲೆಯ ಬುಡವನ್ನು ತಡೆಯುವುದರಿಂದ ತಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ಇನ್ನೊಂದು ಮಾತು: ಅಲೆಯ ನೆತ್ತಿ ಚೂಪು, ತಗ್ಗು ಅಗಲ. ಎರಡನ್ನೂ ಸಮವಾಗಿ ಬರೆದರೆ ಅದು ಹಂಚಿನ ಸಾಲಿನಂತೆ ಕಾಣುತ್ತದೆ.

ಇನ್ನು ಸಾಧನ. ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶವು ಎಲ್ಲರಿಗೂ ಉಚಿತ. ಸ್ವೀಡನ್ನಿನ ನುಡಿಯಲ್ಲಿ ಈ ಶಬ್ದಕ್ಕೆ ಬಳಪವೆಂದು ಅರ್ಥ. 2016ರಿಂದ ಅದರಲ್ಲಿ ಚಲಿಸುವ ಚಿತ್ರಗಳನ್ನು ಬರೆಯುವ ಸೌಕರ್ಯವೂ ಇದೆ. ಚಿತ್ರಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ ಟೈಮ್‌ಲೈನ್ ಎಂದು ಹೆಸರು. ಹಿಂದಿನ ಚಿತ್ರವನ್ನು ಮಸುಕಾಗಿ ತೋರಿಸುವ ಗುಂಡಿಗೆ ಆನಿಯನ್ ಸ್ಕಿನ್, ಅಂದರೆ ಈರುಳ್ಳಿಯ ಸಿಪ್ಪೆ, ಎನ್ನುತ್ತಾರೆ.

ಈಗ ಲೆಕ್ಕ. ಸೆಕೆಂಡಿಗೆ 12 ಚಿತ್ರಗಳಂತೆ 24 ಚಿತ್ರ ಬರೆದರೆ 2 ಸೆಕೆಂಡಿನ ಒಂದು ಸುತ್ತು ಆಗುತ್ತದೆ. ನೋಡುವ ಚಿತ್ರದ ಅಗಲ 1200 ಚುಕ್ಕೆ ಇರಲಿ. ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ 600 ಚುಕ್ಕೆಯ ಅಂತರವಿಡಿರಿ. ಹಾಳೆಯನ್ನು ಮಾತ್ರ ಮೊದಲಿಗೆ 1800 ಅಗಲಕ್ಕೆ ತೆಗೆದುಕೊಂಡು, ಒಂದು ಅಲೆಯನ್ನು ಬರೆದು, ಅದನ್ನೇ ನಕಲು ಮಾಡಿ ಮೂರು ಅಲೆಗಳನ್ನು ಪಕ್ಕಪಕ್ಕದಲ್ಲಿ ಕೂಡಿಸಿರಿ. ಬಳಿಕ ಪ್ರತಿ ಚಿತ್ರದಲ್ಲಿ ಈ ಸಾಲನ್ನು ಬಲಕ್ಕೆ 25 ಚುಕ್ಕೆ ಸರಿಸುತ್ತ ಹೋಗಿರಿ. 24 ಸಲ 25 ಎಂದರೆ 600. ಎಂದರೆ ಮೊದಲನೆಯ ಅಲೆಯು ಎರಡನೆಯದರ ಜಾಗಕ್ಕೆ ಬಂದು ನಿಲ್ಲುತ್ತದೆ, ಚಿತ್ರ ಮತ್ತೆ ಮೊದಲಿನಂತೆಯೇ ಆಗುತ್ತದೆ. ಎಲ್ಲ ಮುಗಿದ ಮೇಲೆ ಎಡಗಡೆಯ 600 ಚುಕ್ಕೆಯನ್ನು ಕತ್ತರಿಸಿಬಿಡಿರಿ.

ಇಲ್ಲಿಯೇ ನಾವು ಎಡವಿದೆವು. ಮೊದಲೂ ಕೊನೆಯೂ ಒಂದೇ ಆಗಿರಬೇಕೆಂದು ತಿಳಿದು 25ನೆಯ ಚಿತ್ರವನ್ನೂ ಬರೆದೆವು. ನಡೆಸಿ ನೋಡಿದರೆ ಪ್ರತಿ ಸುತ್ತಿಗೊಮ್ಮೆ ಅಲೆಯು ತಡವರಿಸಿತು. ಸರಿಯಾಗಿ ಹೊಲಿಯದ ಗಿರಣಿಯ ಪಟ್ಟಾ ಸುತ್ತಿಗೊಮ್ಮೆ ಟಕ್ಕೆನ್ನುವಂತೆ. ಎರಡು ಆದಿತ್ಯವಾರ ತಲೆ ಕೆರೆದುಕೊಂಡ ಮೇಲೆ ಗುಮಾಸ್ತರ ಬುದ್ಧಿಗೆ ಹೊಳೆಯಿತು: 25ನೆಯದು 1ನೆಯದೇ ಆದುದರಿಂದ ಅದನ್ನು ಬರೆಯುವುದೆಂದರೆ ಒಂದೇ ರಕಮನ್ನು ಖಾತೆಯಲ್ಲಿ ಎರಡು ಸಲ ಹಿಡಿದಂತೆ. ಅದನ್ನು ತೆಗೆದೊಡನೆ ಜೋಡು ಕಾಣದಾಯಿತು. ಈ ತಂತ್ರಾಂಶವು ಸೊನ್ನೆಯಿಂದ ಎಣಿಸುತ್ತದೆಂಬುದನ್ನೂ ನೆನಪಿಡಿರಿ. 24 ಚಿತ್ರಗಳಿದ್ದರೆ ಕೊನೆಯ ಅಂಕಿ 23 ಆಗಿರಬೇಕು.

ದೂರದ ಅಲೆಗಳಿಗೆ ಬೇರೆ ಪದರವಿರಲಿ. ಅಲ್ಲಿ ನೆತ್ತಿಗಳ ಅಂತರ 240 ಚುಕ್ಕೆ, ಪ್ರತಿ ಚಿತ್ರಕ್ಕೆ ಸರಿಸುವುದು 10. ಅದೂ 24 ಚಿತ್ರಕ್ಕೆ ಸರಿಯಾಗಿ ಒಂದು ಸುತ್ತು ಮುಗಿಸುತ್ತದೆ. ಅವು ಚಿಕ್ಕವಾಗಿ, ನಿಧಾನವಾಗಿ ಸಾಗುವುದರಿಂದ ಕಣ್ಣಿಗೆ ದೂರವೆನಿಸುತ್ತವೆ.

ಇಷ್ಟರಿಂದಲೇ ಬಿಟ್ಟರೆ ಅಲೆಯು ಸಾಗುವ ಗರಗಸವಾದೀತು. ಜೀವ ಬರುವುದು ನೊರೆಯಿಂದ. ಮತ್ತೊಂದು ಪದರದಲ್ಲಿ ನೊರೆಯ ಮಚ್ಚೆಯೊಂದು ನೆತ್ತಿಯಲ್ಲಿ ಹುಟ್ಟಿ, ಹರಡಿ, ಹರಿದ ಬಲೆಯಂತೆ ತೂತಾಗಿ, ಮಾಯವಾಗಲಿ. ಎಲ್ಲ ಮಚ್ಚೆಗಳೂ ಒಟ್ಟಿಗೆ ಹುಟ್ಟಬಾರದು. ಒಂದು 1ನೆಯ ಚಿತ್ರದಲ್ಲಿ, ಇನ್ನೊಂದು 9ರಲ್ಲಿ, ಮತ್ತೊಂದು 17ರಲ್ಲಿ ಹುಟ್ಟಲಿ. 17ರಲ್ಲಿ ಹುಟ್ಟಿದ್ದು 24ರಲ್ಲಿ ಇನ್ನೂ ಸಾಯದಿದ್ದರೆ, ಅದರ ಉಳಿದ ಆಯುಷ್ಯವನ್ನು 1, 2, 3ನೆಯ ಚಿತ್ರಗಳಲ್ಲಿ ಬರೆಯಬೇಕು. ಹಳೆಯ ಪುಟದ ಬಾಕಿಯನ್ನು ಹೊಸ ಪುಟದ ತಲೆಗೆ ತರುವ ಕ್ರಮವೇ ಇದು.

ಕೊನೆಗೆ ಚಿತ್ರಗಳನ್ನೆಲ್ಲ ಒಂದು ಜಿಫ್ ಕಡತವಾಗಿ ತೆಗೆಯಿರಿ. ಅದು ತಾನಾಗಿಯೇ ಸುತ್ತುತ್ತಿರುತ್ತದೆ. ಅದರಲ್ಲಿ ಒಂದು ಚಿತ್ರಕ್ಕೆ 256 ಬಣ್ಣಗಳಿಗಷ್ಟೇ ಎಡೆಯುಂಟು. ಆದಕಾರಣ ನಾಲ್ಕಾರು ಬಣ್ಣಗಳಲ್ಲೇ ಮುಗಿಸುವುದು ಜಾಣತನ. ಕಂಪ್ಯೂಟರು ಸಿಗದವರು ನೋಟುಬುಕ್ಕಿನ 24 ಹಾಳೆಗಳ ಮೂಲೆಯಲ್ಲಿ ಬರೆದು ಬೆರಳಿನಿಂದ ಸರಸರನೆ ಬಿಡಬಹುದು. ಪಾಠ ಒಂದೇ.

ನಮ್ಮ ಮಿತ್ರರ ಅಲೆಯು ನಾಲ್ಕನೆಯ ಆದಿತ್ಯವಾರ ಊರಿಗೆ ಹೋಯಿತು. ಸಂಜೆ ಫೋನು ಬಂತು. ಮಗು ಕೇಳಿತು: “ಅಪ್ಪಾ, ನೀರು ಇಷ್ಟು ಓಡಿದ್ರೂ ಯಾಕ ತೀರೂದಿಲ್ಲ?”

“ನೀರು ಎಲ್ಲೂ ಹೋಗೂದಿಲ್ಲ ನನ್ನವ್ವಾ. ಅಲ್ಲೇ ಇರತೈತಿ. ತೆರಿ ಅಷ್ಟ ಹೋಗತೈತಿ,” ಎಂದರು ತಂದೆ. “ಹಂಗಾರ ನೀ ಯಾವಾಗ ಬರತಿ?” ಎಂದು ಮಗು ಕೇಳಿದಾಗ, ದೀಪಾವಳಿಗೆ ಎಂದು ಹೇಳಿ ಫೋನು ಕೆಳಗಿಟ್ಟು, ಅಂದಿನ ಪತ್ರಿಕೆಯನ್ನು ಬಿಚ್ಚಿದರು.

ಕಳೆದುಹೋದ ಪಗಾರವು ತಿರುಗಿ ಬಂದಿಲ್ಲ. ಆದರೆ ಹಣ ಕಟ್ಟುವ ಮುನ್ನ ಒಮ್ಮೆ ವಾಚನಾಲಯಕ್ಕೆ ಬಂದು ಕೇಳಿರೆಂದು ಎಲ್ಲ ಬಂಧುಗಳಲ್ಲಿ ನಮ್ಮ ವಿನಂತಿ. ಆದಿತ್ಯವಾರ ಮಧ್ಯಾಹ್ನ ನಾವೂ ಆ ಮಿತ್ರರೂ ಕಂಪ್ಯೂಟರಿನ ಬಳಿ ಇರುತ್ತೇವೆ. ಬರುವಾಗ ಒಂದು ಪೆನ್ಸಿಲು ತಂದರೆ ಸಾಕು.