ಬಂದೂಕು ಹಿಡಿದ ಕೈಗೆ ಬುಟ್ಟಿ ಹೆಣೆಯುವ ಕೆಲಸ

ಯುದ್ಧ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಫಿರಂಗಿ, ಬಂದೂಕು, ಮುಳ್ಳುತಂತಿ, ಎದೆಯ ಮೇಲಿನ ಪದಕ. ಉಳಿ, ಗರಗಸ, ಮಗ್ಗ, ಬೆತ್ತದ ಬುಟ್ಟಿ ಯಾರ ನೆನಪಿಗೂ ಬರುವುದಿಲ್ಲ. ಆದರೆ 1918ರಲ್ಲಿ ಪೂರ್ವ ಫ್ರಾನ್ಸಿನ ಲಾ ಫೋಷ್ ಎಂಬ ಪುಟ್ಟ ಹಳ್ಳಿಯಲ್ಲಿದ್ದ ಅಮೆರಿಕದ ಸೇನಾ ಆಸ್ಪತ್ರೆಗೆ ಕಾಲಿಟ್ಟವರಿಗೆ ಕಾಣುತ್ತಿದ್ದುದು ಇಂಥ ಸಾಮಾನುಗಳೇ. ಯುದ್ಧಭೂಮಿಯಿಂದ ಬಂದ ಸೈನಿಕರು ಅಲ್ಲಿ ಮರ ಕೆತ್ತುತ್ತಿದ್ದರು, ತಗಡು ಕತ್ತರಿಸುತ್ತಿದ್ದರು, ಆಟಿಕೆ ಮಾಡುತ್ತಿದ್ದರು.

ಅದು 117ನೇ ಬೇಸ್ ಆಸ್ಪತ್ರೆ. ಅಲ್ಲಿಗೆ ಬರುತ್ತಿದ್ದ ಬಹಳಷ್ಟು ಮಂದಿಯ ಮೈಮೇಲೆ ಗುಂಡೇಟಿನ ಗುರುತಿರಲಿಲ್ಲ. ಒಬ್ಬನಿಗೆ ಕೈ ನಡುಕ, ಇನ್ನೊಬ್ಬನಿಗೆ ಮಾತೇ ಹೊರಡದು, ಮತ್ತೊಬ್ಬನಿಗೆ ಕಾಲು ಸರಿಯಿದ್ದರೂ ನಡೆಯಲಾಗದು. ಇವರ ಕೈಗೆ ಔಷಧದ ಬಾಟಲಿಯ ಜತೆಗೆ ಉಳಿ, ಸುತ್ತಿಗೆಯನ್ನೂ ಕೊಟ್ಟವರು ಯಾರು? ಅದರಿಂದ ಗುಣವಾಗುತ್ತದೆ ಎಂದು ಅವರಿಗೆ ಅನ್ನಿಸಿದ್ದಾದರೂ ಹೇಗೆ?

ಇವತ್ತು ದೊಡ್ಡ ಆಸ್ಪತ್ರೆಗಳಲ್ಲಿ 'ಆಕ್ಯುಪೇಷನಲ್ ಥೆರಪಿ' ಎಂಬ ಫಲಕ ಕಾಣುತ್ತೇವೆ. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎನ್ನುತ್ತಾರೆ. ಈ ಹೆಸರು ಕೇಳಿದವರು ಇದು ನೌಕರಿ ಕೊಡಿಸುವ ವಿಭಾಗವಿರಬೇಕು ಎಂದುಕೊಳ್ಳುವುದುಂಟು. ಹಾಗಲ್ಲ. ಇಲ್ಲಿ ಉದ್ಯೋಗ ಎಂದರೆ ಸಂಬಳದ ಕೆಲಸವಲ್ಲ, ಮನುಷ್ಯ ತನ್ನ ದಿನವನ್ನು ತುಂಬಿಕೊಳ್ಳುವ ಎಲ್ಲ ಚಟುವಟಿಕೆ. ಅಂಗಿಯ ಗುಂಡಿ ಹಾಕಿಕೊಳ್ಳುವುದರಿಂದ ಹಿಡಿದು ತೋಟದಲ್ಲಿ ಗಿಡ ನೆಡುವವರೆಗೆ ಎಲ್ಲವೂ ಅದರಲ್ಲಿ ಸೇರುತ್ತದೆ. ಈ ಚಿಕಿತ್ಸೆ ಒಂದು ವೃತ್ತಿಯಾಗಿ ಬೇರೂರಿದ್ದು ಮೊದಲ ಮಹಾಯುದ್ಧದ ದಿನಗಳಲ್ಲಿ.

ಕಾಯುವುದೇ ಕೆಲಸ

ಸಿನಿಮಾಗಳಲ್ಲಿ ಸೈನಿಕ ಸದಾ ಓಡುತ್ತಿರುತ್ತಾನೆ. 1914ರಿಂದ 1918ರವರೆಗೆ ಫ್ರಾನ್ಸ್ ಮತ್ತು ಬೆಲ್ಜಿಯಂನ ಕಂದಕಗಳಲ್ಲಿ ಬದುಕಿದ ಸೈನಿಕ ಹೆಚ್ಚಾಗಿ ಮಾಡುತ್ತಿದ್ದುದು ಕಾಯುವ ಕೆಲಸ. ಕೆಲವು ದಿನ ಮುಂಚೂಣಿ, ಕೆಲವು ದಿನ ಅದರ ಹಿಂದಿನ ಸಾಲು, ಕೆಲವು ದಿನ ವಿಶ್ರಾಂತಿ, ಮತ್ತೆ ಮುಂಚೂಣಿ. ಕೆಸರು, ಹೇನು, ಇಲಿ. ಶೆಲ್ ಎಲ್ಲಿ ಬೀಳುತ್ತದೋ ತಿಳಿಯದು. ತಪ್ಪಿಸಿಕೊಳ್ಳಲು ಓಡುವಂತಿಲ್ಲ, ತಿರುಗಿ ಹೊಡೆಯಲು ವೈರಿ ಕಾಣುವುದಿಲ್ಲ.

ಈ ಕಾಯುವಿಕೆಯನ್ನು ಸೈನಿಕರು ತಮ್ಮದೇ ರೀತಿಯಲ್ಲಿ ನಿಭಾಯಿಸಿದರು. ಮನೆಗೆ ಕಾಗದ ಬರೆದರು. ಬ್ರಿಟಿಷ್ ಅಂಚೆ ಇಲಾಖೆ ಯುದ್ಧದ ಭರಾಟೆಯಲ್ಲಿ ಸೈನಿಕರಿಗಾಗಿ ವಾರಕ್ಕೆ ಸುಮಾರು 1 ಕೋಟಿ 20 ಲಕ್ಷ ಪತ್ರಗಳನ್ನು ಸಾಗಿಸಿತು. ಖಾಲಿ ಶೆಲ್‌ಗಳ ಹಿತ್ತಾಳೆಯಿಂದ ಹೂದಾನಿ, ಬೂದಿಬಟ್ಟಲು ಮಾಡಿದವರಿದ್ದರು. ಇಂಥ ವಸ್ತುಗಳನ್ನು 'ಟ್ರೆಂಚ್ ಆರ್ಟ್' ಎಂದು ಕರೆದು ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಇಂದೂ ಜೋಪಾನವಾಗಿ ಇಟ್ಟಿದ್ದಾರೆ. ವೈದ್ಯರು ಹೇಳುವ ಮೊದಲೇ ಸೈನಿಕರು ಕೈಕೆಲಸದ ಬೆಲೆ ಅರಿತಿದ್ದರು ಎನ್ನಬಹುದು.

ನಮ್ಮ ಹಿರಿಯರಿಗೂ ಇದು ಹೊಸ ಮಾತಲ್ಲ. ಮನೆಯಲ್ಲಿ ಸಾವು ಸಂಭವಿಸಿದಾಗ, ವಯಸ್ಸಾಗಿ ಮೂಲೆ ಸೇರಿದಾಗ, ಅಜ್ಜಿ ಹತ್ತಿ ತೆಗೆದುಕೊಂಡು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂರುವುದನ್ನು ನಾವು ನೋಡಿದ್ದೇವೆ. ದೇವರಿಗೆ ಅಷ್ಟು ಬತ್ತಿ ಬೇಕಿರಲಿಲ್ಲ. ಅಜ್ಜಿಗೆ ಬೇಕಿತ್ತು.

ಕಾಣದ ಗಾಯ

'ಶೆಲ್ ಶಾಕ್' ಎಂಬ ಮಾತು ವೈದ್ಯಕೀಯ ಪತ್ರಿಕೆಯಲ್ಲಿ ಕಾಣಿಸಿಕೊಂಡಿದ್ದು 1915ರಲ್ಲಿ, ಬ್ರಿಟನ್ನಿನ ಚಾರ್ಲ್ಸ್ ಮಯರ್ಸ್ ಎಂಬ ವೈದ್ಯ-ಮನೋವಿಜ್ಞಾನಿಯ ಲೇಖನದಲ್ಲಿ. ಶೆಲ್ ಸಿಡಿತದ ಅಬ್ಬರಕ್ಕೆ ನರಗಳು ಅದುರಿ ಹೀಗಾಗುತ್ತದೆ ಎಂದು ಮೊದಲು ಭಾವಿಸಿದ್ದರು. ಶೆಲ್ ಸಮೀಪಕ್ಕೇ ಹೋಗದವರಲ್ಲೂ ಈ ಲಕ್ಷಣಗಳು ಕಂಡಾಗ ಪೆಟ್ಟು ಬಿದ್ದಿರುವುದು ಮನಸ್ಸಿಗೆ ಎಂಬುದು ಅರ್ಥವಾಗತೊಡಗಿತು. ಯುದ್ಧ ಮುಗಿಯುವ ವೇಳೆಗೆ ಬ್ರಿಟಿಷ್ ಸೇನೆಯೊಂದರಲ್ಲೇ ಸುಮಾರು 80 ಸಾವಿರ ಮಂದಿ ಇದಕ್ಕೆ ತುತ್ತಾಗಿದ್ದರು.

ಎಲ್ಲರಿಗೂ ಆಸ್ಪತ್ರೆಯ ಭಾಗ್ಯ ಸಿಗಲಿಲ್ಲ. ಹೇಡಿತನ, ಪಲಾಯನ ಮುಂತಾದ ಆರೋಪದ ಮೇಲೆ ಬ್ರಿಟಿಷ್ ಸೇನೆ ತನ್ನದೇ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಕೆಲವರಾದರೂ ಮನಸ್ಸು ಮುರಿದವರು ಎಂಬುದು ಈಗ ಬಹುತೇಕ ಎಲ್ಲರೂ ಒಪ್ಪುವ ಮಾತು. ಬ್ರಿಟಿಷ್ ಸಂಸತ್ತು ಅವರನ್ನು ಕ್ಷಮಿಸಿದ್ದು 2006ರಲ್ಲಿ. ರೋಗಿಯೋ ಅಪರಾಧಿಯೋ ಎಂಬ ತೀರ್ಮಾನದ ಮೇಲೆ ಜೀವ ನಿಂತಿದ್ದ ಕಾಲ ಅದು.

ಆರು ಮಂದಿಯ ಸಭೆ

ಅತ್ತ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1917ರ ಮಾರ್ಚ್ ತಿಂಗಳಲ್ಲಿ ಆರು ಮಂದಿ ಸೇರಿದರು. ಸಭೆ ಕರೆದವರು ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿ. ಕ್ಷಯ ಅವರನ್ನು ಕಾಡಿತ್ತು, ದೇಹದ ಎಡಭಾಗಕ್ಕೆ ಪಾರ್ಶ್ವವಾಯು ಹೊಡೆದಿತ್ತು. ತೋಟದ ಕೆಲಸ, ಮರಗೆಲಸ ಮಾಡುತ್ತಾ ತಮ್ಮನ್ನು ತಾವೇ ಎಬ್ಬಿಸಿ ನಿಲ್ಲಿಸಿಕೊಂಡವರು. ಅವರ ಜತೆ ಮನೋವೈದ್ಯ ವಿಲಿಯಂ ರಶ್ ಡಂಟನ್, ಸಮಾಜಸೇವಕಿ ಎಲಿನಾರ್ ಕ್ಲಾರ್ಕ್ ಸ್ಲೇಗಲ್, ಕೆನಡಾದಲ್ಲಿ ಗಾಯಾಳು ಸೈನಿಕರ ತರಬೇತಿ ನೋಡಿಕೊಳ್ಳುತ್ತಿದ್ದ ಥಾಮಸ್ ಕಿಡ್ನರ್ ಮೊದಲಾದವರು ಇದ್ದರು. ಕೆಲಸದ ಮೂಲಕ ಚಿಕಿತ್ಸೆ ಎಂಬ ವಿಚಾರಕ್ಕೆ ಒಂದು ರಾಷ್ಟ್ರೀಯ ಸಂಘ ಅಲ್ಲಿ ಹುಟ್ಟಿತು. ಮೂರೇ ವಾರಗಳಲ್ಲಿ, ಏಪ್ರಿಲ್ 6ರಂದು, ಅಮೆರಿಕ ಯುದ್ಧಕ್ಕೆ ಇಳಿಯಿತು.

ಕೂಡಲೇ ಕೆಲಸಗಾರರು ಬೇಕಾದರು. ಶಿಕ್ಷಕಿಯರು, ಚಿತ್ರಕಲೆ ಬಲ್ಲವರು, ಕರಕುಶಲ ಕಲೆ ಕಲಿತವರನ್ನು ಆರಿಸಿ ಅಲ್ಪಾವಧಿಯ ತರಬೇತಿ ಕೊಟ್ಟರು. ಅವರಿಗೆ 'ರಿಕನ್‌ಸ್ಟ್ರಕ್ಷನ್ ಏಡ್' ಎಂದು ಹೆಸರು. ಮುರಿದದ್ದನ್ನು ಮತ್ತೆ ಕಟ್ಟಲು ನೆರವಾಗುವವರು ಎಂದು ಅರ್ಥ. ಅವರಲ್ಲಿ ಕೆಲವರು ಸಾಗರ ದಾಟಿ ಲಾ ಫೋಷ್ ತಲುಪಿದರು.

ಹಳೆ ಡಬ್ಬಿ, ಮುರಿದ ಪೆಟ್ಟಿಗೆ

ಸೇನೆಯ ಅಧಿಕಾರಿಗಳಿಗೆ ಮೊದಲು ನಂಬಿಕೆಯಿರಲಿಲ್ಲ. ಯುದ್ಧರಂಗದಲ್ಲಿ ಹೆಣ್ಣುಮಕ್ಕಳು ಬಂದು ಸೈನಿಕರಿಗೆ ಕಸೂತಿ ಕಲಿಸುವುದೇ ಎಂಬ ಅನುಮಾನ. ಸಾಮಗ್ರಿಯೂ ಸಾಲದು. ಖಾಲಿ ತಗಡಿನ ಡಬ್ಬಿ, ಸಾಮಾನು ತುಂಬಿ ಬಂದ ಮರದ ಪೆಟ್ಟಿಗೆಯಂಥ ಗುಜರಿಯೇ ಕಚ್ಚಾವಸ್ತುವಾಯಿತು. ಕೆಲಸ ನಡೆಯುತ್ತಾ ಹೋದಂತೆ ಫಲ ಕಂಡಿತು. ಇಂಥವರನ್ನು ಇನ್ನಷ್ಟು ಕಳಿಸಿ ಎಂಬ ಬೇಡಿಕೆ ಫ್ರಾನ್ಸಿನಿಂದಲೇ ಹೋಯಿತು.

ಇದು ಕೆಲಸ ಮಾಡುವ ಬಗೆ ಸರಳವಾದದ್ದು. ಕೈ ನಡುಗುವವನಿಗೆ ನಡುಗಬೇಡ ಎಂದರೆ ನಡುಕ ಹೆಚ್ಚುತ್ತದೆ. ಅವನ ಗಮನ ಕೈ ಬಿಟ್ಟು ಕೆತ್ತುತ್ತಿರುವ ಮರದ ಕುದುರೆಯ ಮೇಲೆ ಹೋದಾಗ ಕೈ ತನ್ನಷ್ಟಕ್ಕೆ ಹಿಡಿತಕ್ಕೆ ಬರುತ್ತದೆ. ಮೊದಲು ಹಾಸಿಗೆಯಲ್ಲೇ ಮಾಡುವ ಹಗುರ ಕೆಲಸ, ಆಮೇಲೆ ಕಾರ್ಯಾಗಾರ, ಕೊನೆಗೆ ಹೊಟ್ಟೆಪಾಡಿಗೆ ಒದಗುವ ಕಸುಬು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಿದ್ದರು. ಕೀಲು ಬಿಗಿದವರಿಗೂ ಇದೇ ದಾರಿ. ಮೊಣಕೈಗೆ ಗರಗಸ, ಭುಜಕ್ಕೆ ಉಜ್ಜುಗೊರಡು, ಪಾದಕ್ಕೆ ಕಾಲಿನಿಂದ ತುಳಿಯುವ ಯಂತ್ರ. ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿ ಬರ್ಡ್ ಬಾಲ್ಡ್‌ವಿನ್ ಎಂಬ ಮನೋವಿಜ್ಞಾನಿ ಕೀಲು ಎಷ್ಟು ಬಾಗುತ್ತದೆ ಎಂಬುದನ್ನು ಅಳೆದು ದಾಖಲಿಸುವ ಕ್ರಮವನ್ನೂ ತಂದರು. ಅಜ್ಜಿಯ ಬತ್ತಿ ವಿಜ್ಞಾನವಾದದ್ದು ಹೀಗೆ.

ಈ ಹೆಣ್ಣುಮಕ್ಕಳಿಗೆ ಸಿಕ್ಕಿದ್ದೇನು? ಸಮವಸ್ತ್ರವಿತ್ತು, ಸೇನಾ ದರ್ಜೆ ಇರಲಿಲ್ಲ. ಯುದ್ಧಭೂಮಿಯಲ್ಲಿ ದುಡಿದರೂ ಕಾಗದದ ಮೇಲೆ ಅವರು ನಾಗರಿಕ ನೌಕರರು. ಮಾಜಿ ಸೈನಿಕರಿಗೆ ಸಿಗುವ ಸವಲತ್ತು ಅವರಿಗಿರಲಿಲ್ಲ. ಅವರ ಸೇವೆಯನ್ನು ಸೈನಿಕ ಸೇವೆ ಎಂದು ಅಮೆರಿಕ ಸರ್ಕಾರ ಒಪ್ಪಿದ್ದು 1981ರಲ್ಲಿ. ಅಷ್ಟು ಹೊತ್ತಿಗೆ ಅವರಲ್ಲಿ ಎಷ್ಟು ಮಂದಿ ಉಳಿದಿದ್ದಾರು?

ಯಾರಿಗಾಗಿ ಗುಣ?

ಇಲ್ಲಿಯವರೆಗಿನ ಕಥೆ ಹಿತವಾಗಿಯೇ ಇದೆ. ಆದರೆ ಇದರೊಳಗೆ ಒಂದು ಮುಳ್ಳಿದೆ. ಲಾ ಫೋಷ್ ಆಸ್ಪತ್ರೆಯ ಉದ್ದೇಶವೇನು? ಸೈನಿಕನನ್ನು ಮನೆಗೆ ಕಳಿಸುವುದಲ್ಲ, ಸಾಧ್ಯವಾದಷ್ಟು ಬೇಗ ಕರ್ತವ್ಯಕ್ಕೆ ಮರಳಿಸುವುದು. ಅಮೆರಿಕ ಸೇನೆಯ ಮನೋವೈದ್ಯ ಥಾಮಸ್ ಸಾಮನ್ ರೂಪಿಸಿದ ನೀತಿ ಅದೇ: ಯುದ್ಧರಂಗದ ಸಮೀಪದಲ್ಲೇ ಚಿಕಿತ್ಸೆ ಕೊಡಿ, ತಡಮಾಡದೆ ಕೊಡಿ, ಮತ್ತೆ ತುಕಡಿಗೆ ಹೋಗುತ್ತೇನೆಂಬ ಭಾವನೆ ರೋಗಿಯಲ್ಲಿ ಉಳಿಯುವಂತೆ ನೋಡಿಕೊಳ್ಳಿ.

ಸ್ಕಾಟ್ಲೆಂಡಿನ ಎಡಿನ್‌ಬರೊ ಬಳಿಯ ಕ್ರೇಗ್ಲಾಕರ್ಟ್ ಆಸ್ಪತ್ರೆಯಲ್ಲಿ ಈ ಪ್ರಶ್ನೆ ಇನ್ನೂ ಚೂಪಾಗಿ ಕಾಣುತ್ತದೆ. ಅದು ಬ್ರಿಟಿಷ್ ಅಧಿಕಾರಿಗಳಿಗೆ ಮೀಸಲಾದ ಮನೋರೋಗ ಆಸ್ಪತ್ರೆ. ಅಲ್ಲಿ ರಿವರ್ಸ್ ಎಂಬ ವೈದ್ಯರು ರೋಗಿಗಳನ್ನು ಮಾತನಾಡಿಸಿ ಗುಣಪಡಿಸುತ್ತಿದ್ದರು. ನಮ್ಮ ನೆರೆಯ ನೀಲಗಿರಿಯಲ್ಲಿ ಉಳಿದು ತೋಡರ ಜೀವನವನ್ನು ಅಭ್ಯಾಸ ಮಾಡಿ 1906ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ರಿವರ್ಸ್ ಇವರೇ. ಅವರ ಸಹೋದ್ಯೋಗಿ ಆರ್ಥರ್ ಬ್ರಾಕ್ ನಂಬಿದ್ದು ಕೆಲಸವನ್ನು. ಗ್ರೀಕ್ ಪುರಾಣದ ಆಂಟಿಯಸ್ ಎಂಬ ದೈತ್ಯನಿಗೆ ಕಾಲು ನೆಲ ಮುಟ್ಟಿರುವವರೆಗೆ ಸೋಲಿಲ್ಲ. ಹರ್ಕ್ಯುಲಿಸ್ ಅವನನ್ನು ನೆಲದಿಂದ ಎತ್ತಿಯೇ ಕೊಂದ. ಯುದ್ಧ ಸೈನಿಕನನ್ನು ಹೀಗೆ ನೆಲದಿಂದ ಎತ್ತಿಬಿಟ್ಟಿದೆ, ಊರು, ಜನ, ದಿನನಿತ್ಯದ ಕೆಲಸದ ನಂಟು ಬೆಸೆದರೆ ಅವನ ಕಾಲು ಮತ್ತೆ ನೆಲ ಮುಟ್ಟುತ್ತದೆ ಎಂಬುದು ಬ್ರಾಕ್ ವಾದ.

1917ರಲ್ಲಿ ಅವರ ಬಳಿ ಬಂದ ಒಬ್ಬ ಯುವ ಅಧಿಕಾರಿ ವಿಲ್‌ಫ್ರೆಡ್ ಓವನ್. ಬ್ರಾಕ್ ಅವನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಓವನ್ ಆಸ್ಪತ್ರೆಯ ಪತ್ರಿಕೆಯ ಸಂಪಾದಕನಾದ, ಶಾಲೆಯೊಂದರಲ್ಲಿ ಪಾಠ ಹೇಳಿದ, ಕವಿತೆ ಬರೆದ. ಯುದ್ಧದ ಭೀಕರತೆಯನ್ನು ಹೇಳಿದ ಇಂಗ್ಲಿಷ್ ಕವಿಗಳಲ್ಲಿ ಇಂದು ಮೊದಲ ಸಾಲಿನಲ್ಲಿರುವ ಹೆಸರು ಅವನದು. ಅವನು ಗುಣವಾದ. ಗುಣವಾದ್ದರಿಂದಲೇ ಮತ್ತೆ ಫ್ರಾನ್ಸಿಗೆ ಹೋದ. 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದೇ ವಾರವಿರುವಾಗ, 25ರ ವಯಸ್ಸಿನಲ್ಲಿ ಗುಂಡಿಗೆ ಬಲಿಯಾದ. ಸಾವಿನ ತಂತಿ ತಾಯಿಯ ಕೈ ಸೇರಿದ್ದು ಕದನ ವಿರಾಮದ ದಿನ.

ಚಿಕಿತ್ಸೆ ಸೋತಿತೇ? ಇಲ್ಲ, ಅದು ಗೆದ್ದಿತು. ಗೆಲುವಿನ ಫಲ ಯಾರಿಗೆ ಸಿಕ್ಕಿತು ಎಂಬುದೇ ಪ್ರಶ್ನೆ.

ಒಂದೇ ಅರಮನೆ, ಎರಡು ಆಸ್ಪತ್ರೆ

ಈ ಪ್ರಶ್ನೆಯನ್ನು ಭಾರತೀಯ ಸೈನಿಕರು ತಮ್ಮ ಪತ್ರಗಳಲ್ಲಿ ಅದಕ್ಕೂ ಮೊದಲೇ ಕೇಳಿದ್ದರು. ಮೊದಲ ಮಹಾಯುದ್ಧದಲ್ಲಿ ಕಡಲು ದಾಟಿ ಹೋದ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು. 1914ರ ಸೆಪ್ಟೆಂಬರ್ ಕೊನೆಯಲ್ಲಿ ಮಾರ್ಸೇಲ್ಸ್ ಬಂದರಿಗಿಳಿದವರಲ್ಲಿ ಗಾಯಗೊಂಡ ಅನೇಕರನ್ನು ಇಂಗ್ಲೆಂಡಿನ ಬ್ರೈಟನ್‌ಗೆ ಕರೆದೊಯ್ದರು. ಅಲ್ಲಿನ ರಾಜಮನೆತನದ ಹಳೆಯ ವಿಲಾಸಭವನ 'ರಾಯಲ್ ಪೆವಿಲಿಯನ್' ಆಸ್ಪತ್ರೆಯಾಯಿತು. ಜಾತಿ, ಮತಗಳ ಆಚಾರ ಕೆಡದಂತೆ 9 ಅಡುಗೆಮನೆ, ಬೇರೆಬೇರೆ ನೀರಿನ ನಲ್ಲಿ. ಉಪಚಾರಕ್ಕೆ ಕೊರತೆಯಿರಲಿಲ್ಲ. ಅದರ ಫೋಟೊಗಳು ಪ್ರಚಾರಕ್ಕೂ ಒದಗಿದವು.

ಆದರೆ ಗುಣವಾದವರನ್ನು ಮತ್ತೆ ಕಂದಕಕ್ಕೆ ಕಳಿಸುತ್ತಿದ್ದರು. ಒಮ್ಮೆ ಗಾಯಗೊಂಡವನಿಗೆ ಊರಿನ ದಾರಿ ತೋರಿಸಬಾರದೇ ಎಂಬ ಅಳಲು ಸೈನಿಕರ ಪತ್ರಗಳಲ್ಲಿ ಮತ್ತೆಮತ್ತೆ ಬರುತ್ತದೆ. ಪತ್ರಗಳನ್ನು ಸೇನೆ ಓದಿಯೇ ಮುಂದೆ ಬಿಡುತ್ತಿದ್ದರಿಂದ ಭಾರತೀಯರನ್ನು ಕರಿ ಮೆಣಸು, ಬಿಳಿಯರನ್ನು ಕೆಂಪು ಮೆಣಸು ಎಂದು ಗುಟ್ಟಾಗಿ ಬರೆದವರಿದ್ದರು. ಅದೇ ಊರಿನ ಕಿಚನರ್ ಆಸ್ಪತ್ರೆಯಲ್ಲಿ ಭಾರತೀಯರು ಹೊರಗೆ ಅಡ್ಡಾಡದಂತೆ ಗೋಡೆಯ ಮೇಲೆ ಮುಳ್ಳುತಂತಿ ಬಿಗಿದಿದ್ದರು. ಇದರಿಂದ ರೊಚ್ಚಿಗೆದ್ದ ಭಾರತೀಯ ಸಬ್ ಅಸಿಸ್ಟೆಂಟ್ ಸರ್ಜನ್ ಒಬ್ಬರು 1915ರಲ್ಲಿ ಆಸ್ಪತ್ರೆಯ ಮುಖ್ಯಸ್ಥನ ಮೇಲೆ ಗುಂಡು ಹಾರಿಸಲು ಹೋಗಿ ಜೈಲು ಸೇರಿದರು.

1915ರ ಕೊನೆಗೆ ಭಾರತೀಯ ಕಾಲಾಳು ಪಡೆಗಳು ಫ್ರಾನ್ಸ್ ಬಿಟ್ಟು ಮೆಸಪೊಟೇಮಿಯಾಕ್ಕೆ ಹೋದವು. ಪೆವಿಲಿಯನ್ 1916ರಿಂದ ಕೈಕಾಲು ಕಳೆದುಕೊಂಡ ಬ್ರಿಟಿಷ್ ಸೈನಿಕರ ಆಸ್ಪತ್ರೆಯಾಯಿತು. ಅವರಿಗಾಗಿ ರಾಣಿ ಮೇರಿಯ ಹೆಸರಿನ ಕಾರ್ಯಾಗಾರ ಬಂತು. ಮುಂದಿನ ಬದುಕಿಗೆ ಬೇಕಾದ ಕಸುಬುಗಳ ತರಬೇತಿ ಅಲ್ಲಿ ಆರಂಭವಾಯಿತು. ಮೊದಲು ಬಂದವನಿಗೆ ಅವನ ಅಡುಗೆ, ಆಮೇಲೆ ಬಂದವನಿಗೆ ಅವನ ನಾಳೆ. ಸೂರು ಮಾತ್ರ ಒಂದೇ.

ಭಾರತೀಯ ಸೈನಿಕನ ನಾಳೆಯ ಬಗ್ಗೆ ಯೋಚನೆ ನಡೆದದ್ದು ಇಲ್ಲೇ, ಮುಂಬೈಯಲ್ಲಿ. ಅಂಗವಿಕಲ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಅಂದಿನ ಗವರ್ನರ್ ಪತ್ನಿ ಲೇಡಿ ವಿಲಿಂಗ್ಡನ್ ಆರಂಭಿಸಿದ ಶಾಲೆಗೂ ರಾಣಿ ಮೇರಿಯ ಹೆಸರೇ. ಆಮೇಲೆ ಪುಣೆಯ ಖಡ್ಕಿಗೆ ಹೋದ ಆ ಸಂಸ್ಥೆ ಇಂದಿಗೂ ಸೈನಿಕರಿಗೆ ತರಬೇತಿ ಕೊಡುತ್ತಿದೆ. ಭಾರತದಲ್ಲಿ ಆಕ್ಯುಪೇಷನಲ್ ಥೆರಪಿ ಕಲಿಸುವ ಮೊದಲ ಶಾಲೆ ತೆರೆದದ್ದೂ ಮುಂಬೈಯಲ್ಲೇ, 1950ರಲ್ಲಿ, ಕೆಇಎಂ ಆಸ್ಪತ್ರೆಯಲ್ಲಿ. ಅದನ್ನು ಕಟ್ಟಿದವರು ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್.

1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಈಟಿ ಹಿಡಿದು ಕುದುರೆ ಓಡಿಸಿದವರ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಮನೆಗೆ ಮರಳಿದ ಮೇಲೆ ಆ ಕೈಗಳು ಏನು ಮಾಡಿದವು, ರಾತ್ರಿ ನಿದ್ದೆ ಬಂತೇ ಎಂದು ಕೇಳಿದವರು ಕಡಿಮೆ. ಸ್ಮಾರಕದ ಕಲ್ಲಿನ ಮೇಲೆ ಸತ್ತವರ ಹೆಸರಿಗೆ ಜಾಗವಿರುತ್ತದೆ. ಬದುಕಿ ಬಂದವನಿಗೆ ಬೇಕಾದದ್ದು ಬೆಳಗಾದರೆ ಎದ್ದು ಮಾಡಲು ಒಂದು ಕೆಲಸ.