ನಮ್ಮ ಮದುವೆಯ ಶಾಸ್ತ್ರಗಳು: ಉಳಿಸತಕ್ಕವು ಯಾವುವು, ಬಿಡತಕ್ಕವು ಯಾವುವು?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯ ಅರ್ಥವನ್ನು ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತ ಬಂದೆವು. ಆದರೆ ಆ ಅರ್ಥವು ನಮಗೇ ಮನದಟ್ಟಾದದ್ದು ನಮ್ಮ ಹಿರಿಯ ಮಗಳ ಮದುವೆಯ ಸಾಲವು ತೀರಿದ ದಿನ. ೨೦೧೪ರಲ್ಲಿ ಮಾಡಿದ ಮದುವೆಯ ಸಾಲವನ್ನು ೨೦೨೨ರವರೆಗೂ ತೀರಿಸುತ್ತಿದ್ದವರು ನಾವು. ಕಿರಿಯ ಮಗಳ ವಿವಾಹವು ಈಚೆಗೆ ಬಾಶೆಟ್ಟಿಹಳ್ಳಿಯ ನಮ್ಮ ಮನೆಯಂಗಳದಲ್ಲಿಯೇ ನಡೆಯಿತು. ಅದಕ್ಕೆ ಒಂದು ರೂಪಾಯಿಯ ಸಾಲವೂ ಆಗಲಿಲ್ಲ. ಈ ಎರಡು ಮದುವೆಗಳ ನಡುವೆ ನಾವು ಕಲಿತದ್ದನ್ನು, ಮದುವೆಗೆ ಬಂದ ಮಕ್ಕಳಿರುವ ಗೃಹಸ್ಥರಿಗೆ ಉಪಯೋಗವಾದೀತೆಂಬ ಭಾವನೆಯಿಂದ ಇಲ್ಲಿ ನಿವೇದಿಸುತ್ತೇವೆ.

ಕಿರಿಯ ಮಗಳ ಮದುವೆಗೆ ಅವಳ ಸಹೋದ್ಯೋಗಿನಿಯಾದ ಒಬ್ಬ ತರುಣಿಯು ಬಂದಿದ್ದಳು. ಆಕೆ ಸಿಂಗಪುರದ ಚೀನೀ ಮನೆತನದವಳು. ಬೆಳಗಿನಿಂದ ಚಪ್ಪರದ ಕಂಬದ ಬಳಿ ಕುಳಿತು ಎಲ್ಲವನ್ನೂ ಕಣ್ಣಿಟ್ಟು ನೋಡಿ, ಮಧ್ಯಾಹ್ನ ಎಲೆಯ ಮುಂದೆ ಕುಳಿತಾಗ, ನಮ್ಮ ಹಿರಿಯ ಮಗಳ ಮೂಲಕ ನಮ್ಮನ್ನು ಒಂದು ಮಾತು ಕೇಳಿದಳು: “ಬೆಳಗಿನಿಂದ ಇಷ್ಟೊಂದು ನಡೆಯಿತಲ್ಲ, ಇದರಲ್ಲಿ ಮದುವೆ ಆದದ್ದು ಯಾವ ಕ್ಷಣದಲ್ಲಿ?” ಮಾಂಗಲ್ಯ ಕಟ್ಟಿದಾಗ ಎನ್ನಲು ನಾವು ಬಾಯಿ ತೆರೆದೆವು. ಪುರೋಹಿತರು ಸಪ್ತಪದಿಯೆಂದರು. ನಮ್ಮ ಮನೆಯವರು “ಧಾರೆ ಎರೆದಾಗಲೇ ಮಗಳು ಅವರ ಮನೆಯವಳಾದಳು” ಎಂದು ಕಣ್ಣೊರಸಿಕೊಂಡರು. ಪಕ್ಕದ ಎಲೆಯಲ್ಲಿದ್ದ ಬೀಗರು “ಹೋಳಿಗೆಗೆ ತುಪ್ಪ ಬಿದ್ದಾಗ” ಎಂದು ಎಲ್ಲರನ್ನೂ ನಗಿಸಿದರು. ನಗು ಅಡಗಿತು, ಪ್ರಶ್ನೆ ಮಾತ್ರ ನಮ್ಮ ತಲೆಯಲ್ಲಿ ಉಳಿಯಿತು.

ನಾವು ಹುಡುಗರಾಗಿದ್ದಾಗ, ಎಂದರೆ ೧೯೭೦ರ ಆಚೀಚೆ, ನಮ್ಮ ದೊಡ್ಡಬಳ್ಳಾಪುರದ ಸೀಮೆಯಲ್ಲಿ ಮದುವೆಯೆಂದರೆ ಮನೆಯ ಮುಂದೆಯೇ. ಈಗ ಕಾರ್ಖಾನೆಗಳಿರುವ ನೆಲದಲ್ಲಿ ಆಗ ರಾಗಿಯ ಹೊಲಗಳಿದ್ದವು. ಮದುವೆಗೆ ಮುಂಚೆ ಮುತ್ತೈದೆಯರು ಒನಕೆಗೆ ಅರಿಸಿನದ ಕೊಂಬು ಕಟ್ಟಿ ಅರಿಸಿನ ಕುಟ್ಟುವ ಶಾಸ್ತ್ರ ಮಾಡುವರು. ತೆಂಗಿನ ಗರಿ, ಹೊಂಗೆಯ ಸೊಪ್ಪು, ಮಾವಿನ ತೋರಣಗಳಿಂದ ಚಪ್ಪರವೇಳುವುದು. ಅದರಲ್ಲಿ ಹಾಲುಗಂಬವನ್ನು ನೆಟ್ಟು ಪೂಜಿಸುವರು. ಕುಂಬಾರರ ಮನೆಯಿಂದ ಚಿತ್ರ ಬರೆದ ಐರಣೆಯ ಮಡಕೆಗಳು ವಾಲಗದೊಡನೆ ಬರುವುವು. ಮಡಿವಾಳರು ನಡೆಮಡಿ ಹಾಸುವರು; ಬಳೆಗಾರರು ಹೆಂಗಸರಿಗೆಲ್ಲ ಬಳೆ ತೊಡಿಸುವರು. ಹಸೆಗೆ ಕರೆಯುವಾಗ ಅಜ್ಜಿಯರು ಸೋಬಾನೆ ಹಾಡುವರು. ಒಬ್ಬೊಬ್ಬರಿಗೂ ಅಕ್ಕಿ, ಬೆಲ್ಲ, ಕಾಯಿ, ವೀಳ್ಯ ಸಲ್ಲುತ್ತಿದ್ದವು. ಊರಿನ ಒಂದೊಂದು ಕಸುಬಿಗೂ ಆ ಚಪ್ಪರದಲ್ಲಿ ಒಂದೊಂದು ಕೆಲಸವಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಮುಯ್ಯಿಯ ಪದ್ಧತಿಯನ್ನು ಇಲ್ಲಿಯೇ ಹೇಳಬೇಕು. ಚಪ್ಪರದ ಒಂದು ಮೂಲೆಯಲ್ಲಿ ಅಕ್ಷರ ಬಲ್ಲವನೊಬ್ಬನು ಪುಸ್ತಕ ಹಿಡಿದು ಕುಳಿತು, ಯಾರು ಎಷ್ಟು ಮುಯ್ಯಿ ಹಾಕಿದರೆಂದು ಬರೆದುಕೊಳ್ಳುವನು. ಅವರ ಮನೆಯಲ್ಲಿ ಮದುವೆಯಾದಾಗ ಅಷ್ಟನ್ನೋ, ಅದಕ್ಕಿಂತ ತುಸು ಹೆಚ್ಚನ್ನೋ ಹಿಂದಿರುಗಿಸತಕ್ಕದ್ದು. ಹೊಟ್ಟೆ ಬಟ್ಟೆ ಕಟ್ಟಿ ಬಾಳುವ ಬಡವನಿಗೆ ಇದು ಬಡ್ಡಿಯಿಲ್ಲದ ಸಾಲವಾಗಿದ್ದಿತು.

ಹಿಂದಿನದೆಲ್ಲ ಚೆನ್ನೆಂಬುದು ನಮ್ಮ ಅಭಿಪ್ರಾಯವಲ್ಲ. ಆ ಚಪ್ಪರದಲ್ಲಿ ಪಂಕ್ತಿಗಳು ಬೇರೆ ಬೇರೆಯಾಗಿದ್ದವು. ಇನ್ನೂ ಹಿಂದಿನ ಕಾಲದಲ್ಲಿ ಹಸೆಯ ಮೇಲೆ ಕುಳಿತವರು ತೂಕಡಿಸುವ ಮಕ್ಕಳಾಗಿದ್ದರು. ಮೈಸೂರು ಸಂಸ್ಥಾನದವರು ೧೮೯೪ರಲ್ಲಿಯೇ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಕಾಯಿದೆಯಿಂದ ನಿಷೇಧಿಸಬೇಕಾಯಿತು. ಎಂಟು ವರ್ಷವೆಂದು ಕಾಯಿದೆಯಲ್ಲಿ ಬರೆಯಬೇಕಾಗಿದ್ದಿತೆಂಬುದರಿಂದಲೇ ಅದಕ್ಕೂ ಚಿಕ್ಕವರ ಗತಿಯನ್ನು ಊಹಿಸಬಹುದು. ಗಂಡನನ್ನು ಕಳೆದುಕೊಂಡ ಹೆಂಗಸರಿಗಂತೂ ಚಪ್ಪರದೊಳಗೆ ಎಡೆಯೇ ಇರಲಿಲ್ಲ. ಅವರ ಕೆಲಸವೆಲ್ಲ ಹಿತ್ತಲ ಒಲೆಯ ಮುಂದೆ.

ವರದಕ್ಷಿಣೆಯ ವಿಷಯದಲ್ಲಿ ಇನ್ನೊಂದು ವಿಚಾರವುಂಟು. ಇದು ಅನಾದಿಯಿಂದ ಬಂದ ಸಂಪ್ರದಾಯವೆಂದು ಹಲವರು ವಾದಿಸುತ್ತಾರೆ. ಆದರೆ ನಮ್ಮ ನಾಡಿನ ಅನೇಕ ಒಕ್ಕಲು ಹಾಗೂ ಕಸುಬಿನ ಕುಲಗಳಲ್ಲಿ ಹಿಂದೆ ಇದ್ದದ್ದು ‘ತೆರ’. ಎಂದರೆ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ಕೊಡುತ್ತಿದ್ದ ಹಣ. ಮೈಸೂರು ಸೀಮೆಯ ಮದುವೆಗಳನ್ನು ಕುರಿತು ೧೯೪೨ರಲ್ಲಿಯೇ ಗ್ರಂಥ ಬರೆದ ಪ್ರೊಫೆಸರ್ ಎಂ. ಎನ್. ಶ್ರೀನಿವಾಸ ಅವರು, ಓದು ಮತ್ತು ಸರ್ಕಾರಿ ಉದ್ಯೋಗಗಳು ಬೆಳೆದಂತೆ ವರದಕ್ಷಿಣೆಯು ಬೆಳೆದು ಹರಡಿತೆಂಬುದನ್ನು ಮುಂದೆ ವಿಶದಪಡಿಸಿದರು. ಅಜ್ಜನು ತೆರ ಕೊಟ್ಟು ಅಜ್ಜಿಯನ್ನು ತಂದ ಮನೆಗಳಲ್ಲಿ ಮೊಮ್ಮಗನು ‘ನಮ್ಮ ಸಂಪ್ರದಾಯ’ವೆಂದು ಹೇಳಿ ಹಣ ಕೇಳುತ್ತಾನೆ. ೧೯೬೧ರ ಕಾಯಿದೆಯು ಇದನ್ನು ಅಪರಾಧವೆಂದು ಸಾರಿದ್ದರೂ, ಹೆಸರು ಬದಲಾಯಿಸಿಕೊಂಡು ಇದು ನಮ್ಮ ನಡುವೆಯೇ ಇರುತ್ತದೆ. ‘ವರೋಪಚಾರ’ ಎಂಬ ಮರ್ಯಾದೆಯ ಮಾತಿನಲ್ಲಿ ನಾವೂ ಇದನ್ನು ಕೊಟ್ಟವರೇ.

ಇನ್ನು ಆ ಚೀನೀ ತರುಣಿಯು ಹೇಳಿದ್ದನ್ನೂ, ಅದರ ಮೇಲೆ ನಾವು ಓದಿ ತಿಳಿದದ್ದನ್ನೂ ಸಂಕ್ಷೇಪವಾಗಿ ಹೇಳುವೆವು. ‘ಯೀಲಿ’ ಎಂಬ ಅವರ ಪ್ರಾಚೀನ ಗ್ರಂಥವು ಮದುವೆಗೆ ಆರು ಕರ್ಮಗಳನ್ನು ವಿಧಿಸುತ್ತದೆ: ಹೆಣ್ಣು ಕೇಳಲು ಕಳುಹಿಸುವುದು, ಹೆಣ್ಣಿನ ಹೆಸರನ್ನು ವಿಚಾರಿಸುವುದು, ಶಕುನ ನೋಡಿ ಶುಭವೆಂದು ತಿಳಿಸುವುದು, ಉಡುಗೊರೆ ಕಳುಹಿಸಿ ನಿಶ್ಚಯಿಸುವುದು, ದಿನ ಗೊತ್ತುಮಾಡುವುದು, ವರನೇ ಹೋಗಿ ವಧುವನ್ನು ಕರೆತರುವುದು. ನಮ್ಮ ಜಾತಕ, ವೀಳ್ಯಶಾಸ್ತ್ರ, ಲಗ್ನಪತ್ರಿಕೆಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ವಿವರಿಸಬೇಕಾದುದಿಲ್ಲ. ವಧೂವರರು ಮೊದಲು ಆಕಾಶ ಭೂಮಿಗಳಿಗೆ, ಅನಂತರ ತಂದೆತಾಯಿಗಳಿಗೆ, ಕಡೆಯಲ್ಲಿ ಪರಸ್ಪರ ತಲೆಬಾಗಿ ವಂದಿಸುವರು. ಮಂಡಿಯೂರಿ ಹಿರಿಯರಿಗೆ ಚಹಾ ಅರ್ಪಿಸುವರು. ಹಿರಿಯರು ಕುಡಿದು, ಕೆಂಪು ಲಕೋಟೆಯಲ್ಲಿ ಹಣವಿಟ್ಟು ಹರಸುವರು. ಅತಿಥಿಗಳು ತಂದ ಹಣವನ್ನು ಅಲ್ಲಿಯೂ ಪುಸ್ತಕದಲ್ಲಿ ಬರೆದಿಟ್ಟು ಕಾಲಕ್ಕೆ ಹಿಂದಿರುಗಿಸುವ ವಾಡಿಕೆಯುಂಟಂತೆ. ವರನು ಬಂದಾಗ ವಧುವಿನ ಗೆಳತಿಯರು ಬಾಗಿಲು ತಡೆದು ಕಾಡಿಸುವರು. ನಮ್ಮಲ್ಲಿ ನಾದಿನಿಯು ಹೊಸ್ತಿಲಲ್ಲಿ ನಿಂತು ಹೆಸರು ಹೇಳಿಸುವುದನ್ನು ಕಂಡು ಆಕೆ ಚಪ್ಪಾಳೆ ತಟ್ಟಿದ್ದು ಇದಕ್ಕಾಗಿಯೇ!

ಭೇದವೂ ಒಂದುಂಟು. ಚೀನಾದಲ್ಲಿ ೧೯೫೦ರ ವಿವಾಹ ಕಾಯಿದೆಯು ಬಲವಂತದ ಮದುವೆಯನ್ನು ರದ್ದುಮಾಡಿ, ಸರ್ಕಾರಿ ಕಚೇರಿಯಲ್ಲಿ ದಾಖಲೆ ಮಾಡಿಸುವುದನ್ನು ವಿಧಿಸಿತು. ಸಿಂಗಪುರದಲ್ಲಿಯೂ ೧೯೬೧ರ ಕಾಯಿದೆಯಂತೆ ದಾಖಲೆಯಾಗಬೇಕು. “ಸರ್ಕಾರಕ್ಕೆ ರುಜು ಹಾಕಿದ ದಿನ ಮದುವೆ, ಅಜ್ಜಿಗೆ ಚಹಾ ಕೊಟ್ಟ ದಿನ ಮದುವೆ” ಎಂದು ಆಕೆ ನಕ್ಕಳು. ವಧುವಿನ ಮನೆಗೆ ಕೊಡುವ ಹಣದ ಪೀಡೆಯು ಚೀನಾದಲ್ಲಿ ಇನ್ನೂ ತೊಲಗಿಲ್ಲ. ೨೦೨೪ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಪೀಠವು ಅದರ ವ್ಯಾಜ್ಯಗಳಿಗೆಂದೇ ನಿಯಮಗಳನ್ನು ಜಾರಿಗೆ ತರಬೇಕಾಯಿತು. ಅಲ್ಲಿ ಗಂಡಿನ ತಂದೆಯ ನಿಟ್ಟುಸಿರು, ಇಲ್ಲಿ ಹೆಣ್ಣಿನ ತಂದೆಯ ನಿಟ್ಟುಸಿರು.

ಪ್ರಕೃತವನ್ನನುಸರಿಸೋಣ. ನಮ್ಮಲ್ಲಿ ಮದುವೆಯಾಗುವುದು ಯಾವಾಗ? ಗೃಹ್ಯಸೂತ್ರಗಳನ್ನು ಮತ್ತೆ ತೆರೆದು ನೋಡಿದೆವು. ಅಲ್ಲಿ ಪಾಣಿಗ್ರಹಣವುಂಟು, ಲಾಜಾಹೋಮವುಂಟು, ಅಶ್ಮಾರೋಹಣವುಂಟು, ಸಪ್ತಪದಿಯುಂಟು. ತಾಳಿ ಕಟ್ಟುವ ವಿಧಿಯು ಅವುಗಳಲ್ಲಿಲ್ಲ. ಅದು ನಾಡಿನ ಆಚಾರವಾಗಿ ಬಂದು ಸೇರಿದ್ದು. ಹಾಗೆಂದು ಸೂತ್ರಕಾರರು ಅಂಥ ಆಚಾರಗಳನ್ನು ತಳ್ಳಿಹಾಕಿದವರಲ್ಲ. ದೇಶದ ಮತ್ತು ಗ್ರಾಮದ ಧರ್ಮಗಳು ನಾನಾ ಬಗೆಯಾಗಿರುವುವು, ಮದುವೆಯಲ್ಲಿ ಅವನ್ನು ಅನುಸರಿಸಬೇಕು ಎಂಬುದು ಆಶ್ವಲಾಯನರ ಅಭಿಪ್ರಾಯ. ಆಚಾರಗಳನ್ನು ಹೆಂಗಸರಿಂದ ಕೇಳಿ ತಿಳಿಯಬೇಕೆಂಬುದು ಆಪಸ್ತಂಬರ ಅಭಿಪ್ರಾಯ. ಒನಕೆ ಹಿಡಿದು ಸೋಬಾನೆ ಹಾಡುವ ಅಜ್ಜಿಯನ್ನು ಸೂತ್ರಕಾರರೇ ಗುರುವೆಂದು ಒಪ್ಪಿರುವಾಗ, ಅದನ್ನು ಮೌಢ್ಯವೆಂದು ಹೀಗಳೆಯಲು ನಾವು ಯಾರು?

ಸಪ್ತಪದಿಯ ಅರ್ಥವಂತೂ ಬಹು ರಮ್ಯವಾದುದು. ಮೊದಲ ಹೆಜ್ಜೆ ಅನ್ನಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತಿಗೆ, ನಾಲ್ಕನೆಯದು ಸುಖಕ್ಕೆ, ಐದನೆಯದು ಸಂತಾನಕ್ಕೆ, ಆರನೆಯದು ಋತುಗಳಿಗೆ. ಏಳನೆಯ ಹೆಜ್ಜೆಯಲ್ಲಿ ವರನು ವಧುವನ್ನು ಕರೆಯುವುದು ಸಖಿಯೆಂದು. ಹಿಂದೂ ವಿವಾಹದ ೧೯೫೫ರ ಕಾಯಿದೆಯೂ, ಇಬ್ಬರಲ್ಲೊಬ್ಬರ ಮನೆಯ ರೂಢಿಯಂತೆ ಮದುವೆ ನಡೆಯಬಹುದೆಂದೂ, ಆ ರೂಢಿಯಲ್ಲಿ ಸಪ್ತಪದಿಯಿದ್ದರೆ ಏಳನೆಯ ಹೆಜ್ಜೆಗೆ ಮದುವೆಯು ಪೂರ್ಣವಾಗುವುದೆಂದೂ ಹೇಳುತ್ತದೆ. ಯಾವ ಶಾಸ್ತ್ರವನ್ನೂ ನಡೆಸದೆ ಪ್ರಮಾಣಪತ್ರವನ್ನು ಮಾತ್ರ ಪಡೆದರೆ ಈ ಕಾಯಿದೆಯಂತೆ ಮದುವೆಯಾಗದೆಂದು ನಮ್ಮ ಸುಪ್ರೀಂ ಕೋರ್ಟು ೨೦೨೪ರಲ್ಲಿ ತೀರ್ಪಿತ್ತಿತು. ಶಾಸ್ತ್ರ ಬೇಡವೆನ್ನುವವರಿಗೆ ೧೯೫೪ರ ವಿಶೇಷ ವಿವಾಹ ಕಾಯಿದೆಯ ದಾರಿಯು ಬೇರೆಯೇ ಇರುತ್ತದೆ.

ಹೀಗೆ ಸೂತ್ರಕ್ಕೂ ಕಾಯಿದೆಗೂ ಬೇಕಾದುದು ಅಗ್ನಿ, ಕೆಲವು ಹೆಜ್ಜೆ, ಬಂಧುಗಳ ಸಾಕ್ಷಿ, ಇಷ್ಟೇ. ಹಿರಿಯ ಮಗಳ ಮದುವೆಯ ಲೆಕ್ಕದ ಪುಸ್ತಕವನ್ನು ನಾವು ಮತ್ತೆ ತೆಗೆದು ನೋಡಿದೆವು. ಕಲ್ಯಾಣಮಂಟಪದ ಬಾಡಿಗೆ, ಹೂವಿನ ವೇದಿಕೆ, ದೀಪದ ಅಲಂಕಾರ, ಆರತಕ್ಷತೆಯ ಊಟ, ಚಿತ್ರ ತೆಗೆಯುವವರು, ವರನ ಕಡೆಯವರಿಗೆ ಉಡುಗೊರೆ. ಪುರೋಹಿತರ ದಕ್ಷಿಣೆ, ಸಮಿತ್ತು, ಅರಳು, ತುಪ್ಪಗಳ ಖರ್ಚು ಒಂದು ಪುಟದ ಮೂಲೆಯಲ್ಲಿ ಅಡಗಿದ್ದಿತು. ಸಪ್ತಪದಿಯ ಹೊತ್ತಿಗೆ ಮಂಟಪದಲ್ಲಿ ಇದ್ದವರು ಹದಿನೈದು ಮಂದಿ. ಉಳಿದವರೆಲ್ಲ ಊಟದ ಸಾಲಿನಲ್ಲಿ. ಮುಂದಿನ ಲಗ್ನದವರು ಬರುವರೆಂದು ಮಂಟಪದವರು ಅವಸರಪಡಿಸಿದರು. ಆಗ ನಮಗೆ ನಾಚಿಕೆಯಾಗಲಿಲ್ಲ; ಎಂಟು ವರ್ಷ ಕಂತು ಕಟ್ಟುವಾಗ ಆಯಿತು.

ಸರಳ ವಿವಾಹವು ಹೊಸ ಮಾತೂ ಅಲ್ಲ. ೧೯೬೬ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ಕ್ರಮದಿಂದ, ಪುರೋಹಿತರೂ ಆಡಂಬರವೂ ಇಲ್ಲದೆ ನೆರವೇರಿಸಿದರು. ಧರ್ಮಸ್ಥಳದಲ್ಲಿ ೧೯೭೨ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿರುತ್ತವೆ. ಮೊದಲನೆಯದರಲ್ಲಿ ಹಳೆಯ ವಿಧಿಗಳನ್ನು ಬಿಟ್ಟರು, ಎರಡನೆಯದರಲ್ಲಿ ಇಟ್ಟುಕೊಂಡರು. ಎರಡರಲ್ಲಿಯೂ ಸಾಲವನ್ನು ಬಿಟ್ಟರು. ನಮಗೆ ಮೇಲ್ಪಂಕ್ತಿಯಾದದ್ದು ಇದೇ.

ಕಿರಿಯ ಮಗಳು ಮೂರು ಮಾತು ಹೇಳಿದ್ದಳು. “ಅಪ್ಪ, ಸಾಲ ಮಾಡಕೂಡದು. ಕೇಳುವವರ ಮನೆಗೆ ನಾನು ಹೋಗುವುದಿಲ್ಲ. ದೊಡ್ಡತ್ತೆ ಚಪ್ಪರದೊಳಗೆ ಇರಬೇಕು.” ಮೊದಲೆರಡು ಸುಲಭವಾಗಿ ನಡೆದವು; ಒಳ್ಳೆಯ ಬೀಗರು ದೊರೆತರು. ಮೂರನೆಯದು ಕಷ್ಟವಾಯಿತು. ದೊಡ್ಡತ್ತೆಯೆಂದರೆ ನಮ್ಮ ಅಕ್ಕ. ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಮ್ಮ ತಾಯಿ ತೀರಿದಮೇಲೆ ನಮ್ಮನ್ನು ಓದಿಸಿದವರೂ, ನಮ್ಮ ಇಬ್ಬರು ಮಕ್ಕಳನ್ನು ಎತ್ತಿ ಆಡಿಸಿದವರೂ ಅವರೇ. ಹಿರಿಯ ಮಗಳ ಧಾರೆಯ ಹೊತ್ತಿಗೆ ಅವರು ಮಂಟಪದ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದರು. ಅದನ್ನು ನಾವು ಕಂಡೆವು, ಕಂಡೂ ಕರೆಯಲಿಲ್ಲ. ಸಂಸ್ಕೃತ ಓದಿದ ನಮ್ಮ ಬಾಯಿಗೆ ಅಂದು ಒಂದು ಮಾತು ಬರಲಿಲ್ಲ.

ಈ ಸಲ ಕರೆದರೆ ಅವರೇ ಒಪ್ಪಲೊಲ್ಲರು. “ಬೇಡ ಕಣಪ್ಪ, ನಾಳೆ ಮಗುವಿಗೆ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ” ಎಂದರು. ಬಂಧುಗಳಲ್ಲಿ ಇಬ್ಬರು ಅಸಮಾಧಾನದಿಂದ ಬರಲೇ ಇಲ್ಲ. ಪುರೋಹಿತರನ್ನು ಕೇಳಿದೆವು, ಅವರು ಕ್ಷಣಕಾಲ ಸುಮ್ಮನಿದ್ದು, “ಹಿರಿಯರ ಆಶೀರ್ವಾದಕ್ಕೆ ನಿಷೇಧವನ್ನು ನಾನು ಎಲ್ಲಿಯೂ ಓದಿಲ್ಲ” ಎಂದರು. ಮುಹೂರ್ತಕ್ಕೆ ಮುಂಚೆ ಮಗಳು ಹಸೆಯಿಂದೆದ್ದು, ತಾನೇ ಒಳಗೆ ಹೋಗಿ, ಅವರ ಕೈ ಹಿಡಿದು ಕರೆತಂದಳು. ಅಂತಃಪಟ ಸರಿದು, ಜೀರಿಗೆ ಬೆಲ್ಲ ಬಿದ್ದು, ವಾಲಗ ಮೊಳಗಿದಾಗ ಅವರ ಕೈ ನಡುಗುತ್ತಿದ್ದಿತು. ಅಕ್ಷತೆಯ ಅರ್ಧವು ನೆಲಕ್ಕೆ ಬಿದ್ದಿತು. ಮಿಕ್ಕ ಅರ್ಧವು ಮಗಳ ತಲೆಯ ಮೇಲೆ ಬಿದ್ದಿತು.

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಒಂದೊಂದು ಶಾಸ್ತ್ರವನ್ನೂ ಮೂರು ಪ್ರಶ್ನೆ ಕೇಳಿ ಪರೀಕ್ಷಿಸಿರಿ: ಇದರಿಂದ ಇಬ್ಬರ ಮನಸ್ಸು ಕೂಡುವುದೇ? ಇದರಲ್ಲಿ ನೆರೆಹೊರೆಗೆ ಕೈಹಾಕಲು ಎಡೆಯುಂಟೇ? ಇದರಿಂದ ಯಾರಿಗಾದರೂ ಅವಮಾನವಾಗುವುದೇ? ಮೊದಲೆರಡಕ್ಕೆ ಹೌದೆಂದೂ ಮೂರನೆಯದಕ್ಕೆ ಅಲ್ಲವೆಂದೂ ಉತ್ತರ ಬಂದರೆ, ಅದು ಎಷ್ಟು ಹಳೆಯದಾದರೂ ಉಳಿಯಲಿ. ಅರಿಸಿನ ಕುಟ್ಟುವುದು, ಸೋಬಾನೆ, ಸಪ್ತಪದಿಗಳನ್ನು ನಾವು ಉಳಿಸಿಕೊಂಡೆವು. ವರನ ತಂದೆಯೂ ನಾವೂ ಪರಸ್ಪರ ಕೈಮುಗಿದು ಎದುರುಗೊಂಡೆವು. ಒಬ್ಬರು ಮಾತ್ರ ಬಾಗುವ ಉಪಚಾರಗಳನ್ನು ಬಿಟ್ಟೆವು. ಧಾರೆ ಸೀರೆಯನ್ನು ದೊಡ್ಡಬಳ್ಳಾಪುರದ ಮಗ್ಗದಲ್ಲಿ ನೇಯ್ದ ರೇಷ್ಮೆಯಿಂದಲೇ ಆರಿಸಿದೆವು. ಮರುವಾರ ಉಪನೋಂದಣಿ ಕಚೇರಿಗೆ ಹೋಗಿ ದಾಖಲೆಯನ್ನೂ ಮಾಡಿಸಿದೆವು. ಅದನ್ನು ಯಾರೂ ಮರೆಯಕೂಡದು. ಹೆಣ್ಣುಮಕ್ಕಳಿಗೆ ಆಪತ್ಕಾಲದಲ್ಲಿ ಬೇಕಾಗುವುದು ಆ ಕಾಗದವೇ.

ಆ ತರುಣಿಯು ಸಿಂಗಪುರಕ್ಕೆ ಹೊರಡುವ ಮುನ್ನ ಮನೆಗೆ ಬಂದಿದ್ದಳು. ಏಳನೆಯ ಹೆಜ್ಜೆಯೇ ಉತ್ತರವೆಂದು ಸೂತ್ರವನ್ನೂ ಕಾಯಿದೆಯನ್ನೂ ಸೇರಿಸಿ ವಿವರಿಸಿದೆವು. ಆಕೆ ತಲೆದೂಗಿ, ಅಡಿಗೆಮನೆಯಿಂದ ತಾನೇ ಒಂದು ಲೋಟ ಚಹಾ ತಂದು, ಎರಡು ಕೈಗಳಿಂದ ನಮ್ಮ ಅಕ್ಕನಿಗೆ ಕೊಟ್ಟಳು. ಅಕ್ಕನಿಗೆ ಇದರ ಅರ್ಥ ತಿಳಿಯದು. “ಸಕ್ಕರೆ ಕಡಿಮೆಯಾಯಿತು ಕಣಮ್ಮ” ಎಂದು ಹೇಳಿ ಪೂರ್ತಿ ಕುಡಿದರು.